ಎಬ್ಬಿಸುವವಳ ಬಿಲ್ಲೆ

ಅದು ಗುರುವಾರ. ಬೆಳಿಗ್ಗೆ ಉಪ್ಪಿಟ್ಟಾಗಿತ್ತು. "ರೀ, ಉಪ್ಪು ಒಂದು ಚೂರು ಕಮ್ಮಿ ಬಿದ್ದಿದೆ. ಕಂಡುಹಿಡಿದು ಹೇಳೋಕೆ ಹೋಗ್ಬೇಡಿ" ಎಂದು ನನ್ನ ಹೆಂಡತಿ ತಟ್ಟೆ ಇಡುವಾಗಲೇ ಹೇಳಿದ್ದಳು. ನಾನು ಹೇಳಲಿಲ್ಲ. ಶಾಲೆಗೆ ಹೋಗಿ ಐದನೆಯ ತರಗತಿಯವರಿಗೆ ದಶಮಾಂಶದ ಲೆಕ್ಕ ಹಾಕಿಕೊಟ್ಟೆ. ಎರಡನೆಯ ಗಂಟೆ ಬಾರಿಸಿ ಸ್ವಲ್ಪ ಹೊತ್ತಾಗಿತ್ತು. ಕಿಟಕಿಯ ಪಕ್ಕ ಕೂತಿದ್ದ ಹುಡುಗಿ ಕೈ ಎತ್ತಿ, "ಸಾರ್, ಗೋಪುರ ಕೆಂಪಾಗಿದೆ" ಎಂದಳು.

"ಬಿಂದು ಎಲ್ಲಿಡಬೇಕು, ಅದನ್ನು ಹೇಳು ಮೊದಲು" ಎಂದೆ.

ಅವಳು ಸರಿಯಾಗಿ ಹೇಳಿದಳು. ಆಮೇಲೆ ನಾನೂ ಹೊರಗೆ ನೋಡಿದೆ. ಗೋಪುರ ಕೆಂಪಾಗಿತ್ತು.

ನಮ್ಮ ಊರಿಗೆ ಇದ್ದದ್ದು ಒಂದೇ ನಿಯಮ. ಊರಿನ ಜಾಗ ಇಷ್ಟೇ. ಗೋಡೆ ಕಟ್ಟಿದ ದಿನ ಎಷ್ಟಿತ್ತೋ ಇವತ್ತಿಗೂ ಅಷ್ಟೇ, ಒಂದು ಬೆರಳು ಹಿಗ್ಗುವುದಿಲ್ಲ. ಚೌಕದ ನಡುವಿನ ಗೋಪುರದ ಮೇಲೆ ಒಂದು ಉದ್ದನೆಯ ಪಟ್ಟಿ. ಊರು ತುಂಬುತ್ತ ಬಂದಂತೆ ಪಟ್ಟಿಯ ನೀಲಿ ಮೇಲೇರುತ್ತದೆ. ತುದಿ ಮುಟ್ಟಿದ ದಿನ ನೀಲಿ ಕೆಂಪಾಗುತ್ತದೆ. ಕೆಂಪಾದ ದಿನ ಹೊಸಬರು ಊರಬಾಗಿಲಲ್ಲೇ ನಿಲ್ಲಬೇಕು, ಒಳಗಿದ್ದವರಲ್ಲಿ ಯಾರಾದರೂ ಹೊರಡಬೇಕು. ಹೊರಟವರು ಎಲ್ಲೆಲ್ಲಿಗೋ ಹೋಗುವುದಿಲ್ಲ. ನಡುಗಡ್ಡೆಗೆ ಹೋಗುತ್ತಾರೆ.

ನಡುಗಡ್ಡೆ ಊರಿನ ಪಕ್ಕದ ಹೊಳೆಯೊಳಗಿತ್ತು. ಕಪ್ಪಗೆ, ಚಪ್ಪಟೆಯಾಗಿ, ಕಿರುಬೆರಳಿನ ಉಗುರಿನ ಆಕಾರಕ್ಕೆ, ಒಂದು ಮೂಲೆಯನ್ನು ಕತ್ತರಿಯಿಂದ ಕತ್ತರಿಸಿದಂತಿತ್ತು. ಅದರ ಮೇಲೆ ಒಂದು ಗಿಡವೂ ಇರಲಿಲ್ಲ. ಊರಿಗೂ ಅದಕ್ಕೂ ನಡುವೆ ಎಂಟು ಹಿತ್ತಾಳೆಯ ಹಲಗೆಗಳ ಸೇತುವೆ. ನಡುಗಡ್ಡೆಯನ್ನು ಯಾರೋ ದೂರದಿಂದ ತಂದು ಹೊಳೆಯೊಳಗೆ ಸಿಕ್ಕಿಸಿದರು ಎಂದು ಹಿರಿಯರು ಹೇಳುತ್ತಿದ್ದರು. ಸಿಕ್ಕಿಸಿದ್ದನ್ನು ತೆಗೆಯಲೂ ಬಹುದು ಎಂದು ಯಾರೂ ಹೇಳುತ್ತಿರಲಿಲ್ಲ.

ಚೌಕದ ಗೋಡೆಯ ತುಂಬ ಬಿಲ್ಲೆಗಳು. ಊರಿನಲ್ಲಿ ಕೆಲಸವಿರುವ ಪ್ರತಿಯೊಬ್ಬರಿಗೂ ಅಂಗೈಯಗಲದ ಒಂದು ಚೌಕ ಬಿಲ್ಲೆ, ಅದರ ಮೇಲೆ ಒಂದು ಚಿತ್ರ. ತೂಗುವವನ ಬಿಲ್ಲೆಯ ಮೇಲೆ ತಕ್ಕಡಿ. ಕಾಗದ ಒಯ್ಯುವವನ ಬಿಲ್ಲೆಯ ಮೇಲೆ ಲಕೋಟೆ. ದಾರಿ ಹೇಳುವವನ ಬಿಲ್ಲೆಯ ಮೇಲೆ ಕವಲು ದಾರಿ. ಬೇಕಾದವರು ಬಂದು ಬಿಲ್ಲೆಯನ್ನು ಬೆರಳಿನಿಂದ ಮುಟ್ಟಬೇಕು, ಹೆಸರು ಹೇಳಬೇಕು. ಮುಟ್ಟಿ ಕರೆದರೆ ಬರುತ್ತಾರೆ. ಕೆಲಸ ಮುಗಿದರೆ ಹೋಗುತ್ತಾರೆ. ಮುಟ್ಟುವುದು, ಕರೆಯುವುದು, ಬರುವುದು, ಹೋಗುವುದು. ಊರೆಂದರೆ ಇಷ್ಟೇ ಆಗಿತ್ತು.

ನನ್ನ ಹೆಂಡತಿಗೂ ಒಂದು ಬಿಲ್ಲೆಯಿತ್ತು. ಅದರ ಮೇಲೆ ಒಂದು ಬಾಗಿಲು, ಬಾಗಿಲ ಮೇಲೆ ಒಂದು ಕೈ. ಅವಳು ಊರಿನ ಎಬ್ಬಿಸುವವಳು. ಬೆಳಕು ಹರಿಯುವ ಮೊದಲೇ ಎದ್ದು ಮೂಲೆಮನೆಯಿಂದ ಊರಬಾಗಿಲಿನವರೆಗೆ ಪ್ರತಿ ಮನೆಯ ಕದವನ್ನೂ ಮೂರು ಸಲ ತಟ್ಟುತ್ತಿದ್ದಳು. ಕೂಸಿರುವ ಮನೆಯಲ್ಲಿ ಬೆರಳಿನಿಂದ, ಕಿವಿ ಮಂದವಾದವರ ಮನೆಯಲ್ಲಿ ಅಂಗೈಯಿಂದ. ಮೂಲೆಮನೆಯ ಅಜ್ಜಿ ದಿನವೂ ಬೈಯುತ್ತಿದ್ದಳು. "ನಿನ್ನ ಕೈಗೆ ಲಕ್ವ ಹೊಡೆಯ, ಈಗ ಕಣ್ಣು ಹತ್ತಿತ್ತಲ್ಲೇ." ಆ ಬೈಗುಳಕ್ಕೆ ಪಕ್ಕದ ಎರಡು ಮನೆಯವರಿಗೆ ಎಚ್ಚರವಾಗುತ್ತಿತ್ತು. "ಅರ್ಧ ಕೆಲಸ ಅಜ್ಜಿದೇ ರೀ, ಹೆಸರು ಮಾತ್ರ ನಂದು" ಎಂದು ನನ್ನ ಹೆಂಡತಿ ನಗುತ್ತಿದ್ದಳು. ಅವಳನ್ನು ಯಾರು ಎಬ್ಬಿಸುತ್ತಿದ್ದರು ಎಂದು ನಾನು ಯಾವತ್ತೂ ಕೇಳಿರಲಿಲ್ಲ.

ಆ ಗುರುವಾರ ಶಾಲೆ ಬಿಟ್ಟ ಮೇಲೆ ಚೌಕಕ್ಕೆ ಹೋದೆ. ಅಳತೆಗಾರ ಬಂದಿದ್ದ. ಕೈಯಲ್ಲಿ ಉದ್ದನೆಯ ಕೋಲು, ಕಂಕುಳಲ್ಲಿ ಪುಸ್ತಕ. ಏಳನೆಯ ತರಗತಿಯವರೆಗೆ ನನ್ನ ಹತ್ತಿರ ಓದಿದವನು. ಒಳ್ಳೆಯ ಅಕ್ಷರ. ಒಂದು ಸಲ ಪಕ್ಕದವನ ಸ್ಲೇಟು ನೋಡಿ ಬರೆದನೆಂದು, ಇದ್ದದ್ದನ್ನು ಇದ್ದಂತೆಯೇ ಬರೆಯುತ್ತೇನೆ ಎಂದು ಅವನಿಂದ ನೂರು ಸಲ ಬರೆಸಿದ್ದೆ.

ಊರಬಾಗಿಲಲ್ಲಿ ಹೊಸಬನೊಬ್ಬ ಗಂಟು ಹಿಡಿದು ನಿಂತಿದ್ದ. ಅವನ ಕೆಲಸ ನಡಿಗೆ ಎಣಿಸುವುದಂತೆ. ನೀವು ಎಲ್ಲಿಂದ ಎಲ್ಲಿಗೆ ನಡೆದರೂ ಹಿಂದೆಯೇ ಬಂದು ಎಷ್ಟು ಹೆಜ್ಜೆ ಎಂದು ಹೇಳುತ್ತಾನಂತೆ. ಜನ ಅವನನ್ನು ನೋಡಲು ಸೇರಿದ್ದರು. ಕೆಲವರು ಆಗಲೇ ಅವನ ಮುಂದೆ ಅತ್ತಿಂದಿತ್ತ ನಡೆದು ತೋರಿಸುತ್ತಿದ್ದರು.

ಅಳತೆಗಾರ ಗೋಡೆಯ ಉದ್ದಕ್ಕೂ ಒಂದೊಂದೇ ಬಿಲ್ಲೆಯ ಮೇಲೆ ಬೆರಳೆಳೆದು ಬೆರಳನ್ನು ನೋಡಿಕೊಳ್ಳುತ್ತಿದ್ದ. ಹೆಚ್ಚು ಮುಟ್ಟಿಸಿಕೊಂಡ ಬಿಲ್ಲೆ ಹೊಳೆಯುತ್ತದೆ. ಮುಟ್ಟಿಸಿಕೊಳ್ಳದ ಬಿಲ್ಲೆಯ ಮೇಲೆ ಧೂಳು ಕೂರುತ್ತದೆ, ಅಂಥವರನ್ನೇ ಮೊದಲು ಕಳಿಸುತ್ತಾರೆ. ಬಾಗಿಲು ಮತ್ತು ಕೈ ಇದ್ದ ಬಿಲ್ಲೆಯ ಮುಂದೆ ಅವನು ನಿಂತ.

"ಮೇಷ್ಟ್ರೇ, ಇದು ಅಮ್ಮಾವರದು."

ಬೆರಳು ತೋರಿಸಿದ. ಅಕ್ಷರ ಬರೆಯುವಷ್ಟು ಧೂಳಿತ್ತು.

"ಅವಳನ್ನು ಯಾರೂ ಕರೆಯುವುದಿಲ್ಲ. ಅವಳೇ ಎಲ್ಲರನ್ನೂ ಕರೆಯುತ್ತಾಳೆ" ಎಂದೆ.

"ಅದಕ್ಕೆ ಪುಸ್ತಕದಲ್ಲಿ ಕಾಲಂ ಇಲ್ಲ. ಎಷ್ಟು ಸಲ ಕರೆದರು ಅನ್ನೋದಕ್ಕೆ ಮಾತ್ರ ಇದೆ. ಗೋಡೆಗೆ ಬಂದೇ ಕರೀಬೇಕು ಅಂತಿಲ್ಲ, ಮನೇಲಿ ಕರೆದದ್ದೂ ನಡೆಯುತ್ತೆ. ಹೆಸರು ಹಿಡಿದು ಕರೆದಿರಬೇಕು ಅಷ್ಟೆ. ಹೇಳಿ, ಈ ವರ್ಷ ನೀವು ಎಷ್ಟು ಸಲ ಕರೆದಿರಬಹುದು?"

ನಮ್ಮಲ್ಲಿ ಗಂಡ ಹೆಂಡತಿ ಒಬ್ಬರ ಹೆಸರನ್ನೊಬ್ಬರು ಹಿಡಿಯುವುದಿಲ್ಲ. ಅವಳು ನನ್ನನ್ನು "ರೀ" ಎನ್ನುತ್ತಿದ್ದಳು. ನಾನು ಅವಳನ್ನು "ಏ" ಎನ್ನುತ್ತಿದ್ದೆ, ಜನರೆದುರಿಗೆ "ಇವಳೇ" ಎನ್ನುತ್ತಿದ್ದೆ. ಎಷ್ಟೋ ಸಲ ಅದೂ ಬೇಕಿರಲಿಲ್ಲ. ಕೆಮ್ಮಿದರೆ ನೀರು ಬರುತ್ತಿತ್ತು. ಕನ್ನಡಕಕ್ಕೆ ತಡಕಾಡಿದರೆ ಕನ್ನಡಕ ಬರುತ್ತಿತ್ತು.

ಅಳತೆಗಾರ ದನಿ ತಗ್ಗಿಸಿದ. "ನೆನಪು ಮಾಡ್ಕೊಳ್ಳಿ ಮೇಷ್ಟ್ರೇ. ಒಂದು ಹತ್ತು ಸಲ? ಹತ್ತು ಅಂದ್ರೂ ಸಾಕು, ಬರ್ಕೋತೀನಿ."

ನಾನು ನೆನಪು ಮಾಡಿಕೊಂಡೆ. ತಿಂಗಳು ತಿಂಗಳಾಗಿ ಹಿಂದಕ್ಕೆ ಹೋಗಿ ನೋಡಿದೆ.

"ಒಂದು ಸಲವೂ ಇಲ್ಲ" ಎಂದೆ.

ಅವನು ಸೊನ್ನೆ ಬರೆದ. ನಾನು ಕಲಿಸಿದಂತೆಯೇ ದುಂಡಗೆ ಬರೆದ.

ಮನೆಗೆ ಬಂದು ನಡೆದದ್ದನ್ನು ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದವಳು ಮೊರವನ್ನು ಕೆಳಗಿಟ್ಟಳು.

"ಹತ್ತು ಅಂದಿದ್ರೆ ನಾಲಿಗೆ ಸವೀತಿತ್ತಾ?"

"ಕರೆದಿಲ್ಲವಲ್ಲ."

"ಕರೆದಿಲ್ಲ ನಿಜ" ಎಂದಳು. "ನೀವು ಅನ್ನೋರಲ್ಲ ಬಿಡಿ" ಎಂದು ಮತ್ತೆ ಮೊರ ತೆಗೆದುಕೊಂಡಳು.

ಮಾರನೆಯ ದಿನ ಅಳತೆಗಾರ ಕೋಲು ತಂದು ಊರಿನಲ್ಲಿ ಅವಳು ಹಿಡಿಯುವ ಜಾಗವನ್ನು ಅಳೆದ. ಒಂದು ಗೇಣು ನಾಲ್ಕು ಬೆರಳು. "ಇಷ್ಟೇನಾ ನಾನು?" ಎಂದು ಅವಳು ಕೇಳಿದಳು. "ಮನೆ ತುಂಬ ನಾನೇ ಇದ್ದೀನಿ ಅಂದ್ಕೊಂಡಿದ್ದೆ." ನಡುಗಡ್ಡೆಗೆ ಕೆಲಸದ ಸಾಮಾನು ಬಿಟ್ಟು ಬೇರೇನನ್ನೂ ಒಯ್ಯುವಂತಿಲ್ಲ. ಸೆರಗಿನ ತುದಿಗೆ ಕಟ್ಟಿಕೊಂಡಿದ್ದ ಮನೆಯ ಬೀರುವಿನ ಕೀಲಿಯನ್ನು ಬಿಚ್ಚಿ ನನ್ನ ಕೈಗೆ ಕೊಟ್ಟಳು. ರವೆ ಯಾವ ಡಬ್ಬದಲ್ಲಿದೆ, ಸಾಸಿವೆ ಯಾವುದರಲ್ಲಿದೆ ಎಂದು ಎರಡು ಸಲ ಹೇಳಿದಳು.

ಸಾಗಿಸುವುದಕ್ಕೂ ಒಂದು ಕ್ರಮವಿದೆ. ಹೊರಡುವವರು ಮೊದಲ ಹಲಗೆಯ ಮುಂದೆ ನಿಲ್ಲಬೇಕು. ಅಳತೆಗಾರ ಮನೆಯವರನ್ನು "ಸಾಗಿಸಲೇ?" ಎಂದು ಕೇಳಬೇಕು. ಮನೆಯವರು "ಸಾಗಿಸು" ಎನ್ನಬೇಕು. ಅವನು ಕೇಳಿದ. ನಾನು ಹೇಳಿದೆ. ಅವಳು ಒಂದೊಂದು ಹಲಗೆಯ ಮೇಲೂ ಒಂದೊಂದು ಉಸಿರಿನಷ್ಟು ಹೊತ್ತು ನಿಂತು ಎಂಟು ಹಲಗೆ ದಾಟಿದಳು. ಗೋಡೆಯ ಮೇಲೆ ಅವಳ ಬಿಲ್ಲೆ ಇದ್ದಲ್ಲೇ ಇತ್ತು. ಅದರ ಮೂಲೆಯಲ್ಲಿ ಅಳತೆಗಾರ ಒಂದು ಬಿಳಿ ಚುಕ್ಕೆಯಿಟ್ಟ. ಸಾಗಿಸಿದವರ ಗುರುತು ಅದು.

"ಏನೂ ವ್ಯತ್ಯಾಸ ಆಗಲ್ಲ ಮೇಷ್ಟ್ರೇ. ಮುಟ್ಟಿ ಕರೆದರೆ ಬರ್ತಾರೆ. ಸ್ವಲ್ಪ ತಡ ಆಗಬಹುದು ಅಷ್ಟೆ."

ಗೋಪುರದ ಪಟ್ಟಿ ನೀಲಿಯಾಯಿತು. ನಡಿಗೆ ಎಣಿಸುವವನು ಒಳಗೆ ಬಂದ. ಹೊಳೆಯಿಂದ ನನ್ನ ಮನೆಗೆ ಆರುನೂರ ಹನ್ನೆರಡು ಹೆಜ್ಜೆ ಎಂದು ಅವನು ನನಗೆ ಹೇಳಿದ. ನಾನು ಕೇಳಿರಲಿಲ್ಲ.

ಮಾರನೆಯ ಬೆಳಿಗ್ಗೆ ಊರು ಏಳಲಿಲ್ಲ.

ಕಣ್ಣಿಗೆ ಬಿಸಿಲು ಬಿದ್ದಾಗ ನನಗೆ ಎಚ್ಚರವಾಯಿತು. ಬೀದಿಯಲ್ಲಿ ಒಂದು ಹೊಗೆಯಿಲ್ಲ, ಒಂದು ಕೊಡದ ಸದ್ದಿಲ್ಲ. ಓಡಿದೆ. ಬಿಲ್ಲೆಯ ಮೇಲೆ ಬೆರಳಿಟ್ಟೆ. ಹೆಸರು ಹೇಳಬೇಕಿತ್ತು. ಬಾಯಿ ತೆರೆದೆ, ಹೆಸರು ಬರಲಿಲ್ಲ. ಮರೆತಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಇನ್ನೂರು ಮಕ್ಕಳ ಹೆಸರನ್ನು ದಿನವೂ ಕೂಗುವ ನಾಲಿಗೆಗೆ ಆ ಒಂದು ಹೆಸರಿನ ದಾರಿ ಗೊತ್ತಿರಲಿಲ್ಲ. "ಏ" ಎಂದೆ. ಬಿಲ್ಲೆ ಸುಮ್ಮನಿತ್ತು. "ಇವಳೇ" ಎಂದೆ. ಸುಮ್ಮನಿತ್ತು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡೆ.

"ಸುಭದ್ರಾ" ಎಂದೆ.

ಬಿಲ್ಲೆ ಸ್ವಲ್ಪ ಬೆಚ್ಚಗಾಯಿತು. ನಾನು ಎಣಿಸತೊಡಗಿದೆ. ನಲವತ್ತಕ್ಕೆ ಹಲಗೆಗಳ ಸದ್ದು ಕೇಳಿಸಿತು.

ಅವಳು ಏದುಸಿರು ಬಿಡುತ್ತ ಬಂದು ಮೊದಲು ಸೂರ್ಯನನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ಮೂವತ್ತೊಂದು ವರ್ಷ ಏ ಅಂದಿರಿ. ಈಗ ಬಂತಾ ಬಾಯಿಗೆ?"

"ಹೊತ್ತಾಯಿತು, ನಡಿ" ಎಂದೆ.

"ಇನ್ನೊಂದು ಸಲ ಅನ್ನಿ ನೋಡೋಣ."

ನಾನು ಅನ್ನಲಿಲ್ಲ. ಅವಳು ನಗುತ್ತಲೇ ಮೂಲೆಮನೆಯ ಕದ ತಟ್ಟಲು ಹೋದಳು. ಅಜ್ಜಿ ಬೈದಳು. ಊರು ಎದ್ದಿತು. ಕೊನೆಯ ಕದ ತಟ್ಟಿದ ಕೂಡಲೇ ಕೆಲಸ ಮುಗಿಯಿತು, ಅವಳು ಹಲಗೆ ದಾಟಿ ಹೋದಳು. ಮಧ್ಯಾಹ್ನ ನಾನು ಮತ್ತೆ ಬಿಲ್ಲೆ ಮುಟ್ಟಿ ಕರೆದೆ. ಎಲ್ಲರೂ ಎದ್ದಿರುವಾಗ ಎಬ್ಬಿಸುವವಳಿಗೆ ಕೆಲಸವಿಲ್ಲ. ಬಿಲ್ಲೆ ತಣ್ಣಗೇ ಇತ್ತು.

ಹೀಗೆ ನನ್ನ ಬೆಳಗುಗಳು ಶುರುವಾದವು. ಊರು ಏಳಬೇಕಾದರೆ ಅವಳು ಬರಬೇಕು. ಅವಳು ಬರಬೇಕಾದರೆ ಯಾರಾದರೂ ಎದ್ದು ಕರೆಯಬೇಕು. ಎಲ್ಲರಿಗಿಂತ ಮೊದಲು ನಾನು ಏಳಬೇಕಾಯಿತು, ನನ್ನನ್ನು ಎಬ್ಬಿಸುವವರು ಯಾರೂ ಇರಲಿಲ್ಲ. ಮಲಗುವ ಮುಂಚೆ ಎರಡು ಚೊಂಬು ನೀರು ಕುಡಿದೆ. ಮಂಚ ಬಿಟ್ಟು ಬರಿ ನೆಲದ ಮೇಲೆ ಮಲಗಿದೆ. ಬೆನ್ನ ಕೆಳಗೆ ಒಂದು ಸ್ಲೇಟು ಇಟ್ಟುಕೊಂಡೆ. ಎಚ್ಚರವಾಗುತ್ತಿತ್ತು. ಎದ್ದು ಚೌಕಕ್ಕೆ ಹೋಗುವುದು, ಬೆರಳಿಡುವುದು, ಕರೆಯುವುದು, ಎಣಿಸುವುದು. ದಿನವೂ ಇದೇ.

ಒಂದು ದಿನ ಕೇಳಿದೆ. "ಮೊದಲೆಲ್ಲ ನಿನ್ನನ್ನು ಯಾರು ಎಬ್ಬಿಸುತ್ತಿದ್ದರು?"

"ನೀವೇ."

"ನಾನು ಮಲಗಿರುತ್ತಿದ್ದೆನಲ್ಲ."

"ಮಲಗಿದ್ದಲ್ಲೇ ಮಗ್ಗುಲು ಬದಲಾಯಿಸ್ತಿದ್ರಿ. ದಿನಾ ಅದೇ ಹೊತ್ತಿಗೆ. ಮೇಷ್ಟ್ರಲ್ವಾ, ನಿದ್ದೇಲೂ ವೇಳಾಪಟ್ಟಿ. ಮಂಚ ಕಿರ್ ಅನ್ನೋದು, ನಂಗೆ ಎಚ್ಚರ ಆಗೋದು."

"ಅಲ್ಲಿ?"

"ಅಲ್ಲಿ ಯಾರೂ ಮಲಗಲ್ಲ. ಸಾಲಾಗಿ ಕೂತಿರ್ತೀವಿ. ತೂಗೋನು ತಕ್ಕಡಿ ಹಿಡ್ಕೊಂಡೇ ಕೂತಿದಾನೆ. ಮಾತಾಡಿಸಿದ್ರೆ ನೋಡ್ತಾನೆ, ಮಾತಾಡಲ್ಲ. ಅವನನ್ನ ಯಾರೂ ಕರೀದೆ ಎರಡು ವರ್ಷ ಆಯ್ತಂತೆ."

ತಡ ಹೆಚ್ಚುತ್ತ ಹೋಯಿತು. ನಾನು ಎಣಿಕೆಯಲ್ಲಿ ತಪ್ಪುವವನಲ್ಲ. ಮೊದಲ ವಾರ ನಲವತ್ತಕ್ಕೆ ಬರುತ್ತಿದ್ದಳು. ಎರಡನೆಯ ತಿಂಗಳು ಎಪ್ಪತ್ತಕ್ಕೆ. ನಾಲ್ಕನೆಯ ತಿಂಗಳು ನೂರ ಹತ್ತಕ್ಕೆ. ಒಂದು ಬೆಳಿಗ್ಗೆ ನೂರ ಅರವತ್ತು ಎಣಿಸಿದೆ. ಬೆರಳು ತೆಗೆಯಲೂ ಭಯ, ಇಡಲೂ ಭಯ. ಬಂದವಳು ಬೀದಿಯ ನಡುವೆ ನಿಂತು, "ಮೂಲೆಮನೆ ಬಾಗಿಲು ಯಾವ ಕಡೆಗಿತ್ತು?" ಎಂದು ಕೇಳಿದಳು. ಕೈ ಹಿಡಿದು ಕರೆದುಕೊಂಡು ಹೋದೆ. ಅಜ್ಜಿ ಬೈದಳು. ಬೈಗುಳ ಕೇಳಿ ಅವಳಿಗೆ ಉಳಿದ ಮನೆಗಳು ನೆನಪಾದವು.

ಅದೇ ವಾರ ಡಂಗುರ ಸಾರಿದರು. ಬರುವ ಅಮಾವಾಸ್ಯೆಯ ಮಾರನೆಯ ದಿನ, ಹೊತ್ತು ಮೂಡುವಾಗ, ಹಳೆಯ ನಡುಗಡ್ಡೆಯನ್ನು ತೆಗೆದು ಅದಕ್ಕಿಂತ ದೊಡ್ಡದನ್ನು ಹಾಕಲಾಗುವುದು. ಜನ ಸಂತೋಷಪಟ್ಟರು. ದೊಡ್ಡದು ಬಂದರೆ ಇನ್ನೂ ಎಷ್ಟು ಹೊಸಬರು ಬರಬಹುದು ಎಂದು ಲೆಕ್ಕ ಹಾಕಿದರು.

ನಾನು ಅಳತೆಗಾರನ ಮನೆಗೆ ಹೋದೆ. ಅವನು ಊಟಕ್ಕೆ ಕೂತಿದ್ದವನು ಎದ್ದು ನಿಂತ. ಕೂತುಕೋ ಎಂದೆ. ಕೂರಲಿಲ್ಲ.

"ಹಳೆಯದರಲ್ಲಿ ಇರುವವರು ಏನಾಗುತ್ತಾರೆ?"

"ಹೊಸದಕ್ಕೆ ದಾಟಿಸ್ತಾರೆ ಅಂತ ಡಂಗುರದಲ್ಲಿ ಹೇಳಿಲ್ವಾ ಮೇಷ್ಟ್ರೇ?"

"ಹೇಳಿಲ್ಲ. ನಾನು ಪೂರ್ತಿ ಕೇಳಿದೆ."

ಅವನು ಎಂಜಲು ಕೈಯನ್ನೇ ನೋಡುತ್ತ ನಿಂತ. ಆಮೇಲೆ ಹೇಳಿದ. ತೆಗೆದ ನಡುಗಡ್ಡೆಯನ್ನು ಬೇರೆ ಯಾವುದೋ ಊರು ಒಯ್ದು ತನ್ನ ಹೊಳೆಯಲ್ಲಿ ಸಿಕ್ಕಿಸಿಕೊಳ್ಳುತ್ತದೆ. ಆದರೆ ಒಂದು ಊರಿನವರ ಬಿಲ್ಲೆ ಆ ಊರಿನ ಗೋಡೆಯಲ್ಲಿ ಮಾತ್ರ ಇರುತ್ತದೆ. ಇನ್ನೊಂದು ಊರಿನಲ್ಲಿ ಅವರು ಯಾರೆಂದು ಯಾರಿಗೂ ತಿಳಿಯುವುದಿಲ್ಲ. ಅದಕ್ಕೇ ಆ ಊರು ಮೊದಲು ತನ್ನವರನ್ನು ಒಂದು ಪ್ರಶ್ನೆ ಕೇಳುತ್ತದೆ: ಇದರ ಮೇಲೆ ಏನೋ ಇದೆ, ನಮಗೆ ಗುರುತು ಸಿಗುತ್ತಿಲ್ಲ, ಒರೆಸಿಬಿಡಲೇ?

"ಆಗ?"

"ಸಾಮಾನ್ಯವಾಗಿ ಹೂಂ ಅಂತಾರೆ."

ಅವಳನ್ನು ಊರಿಗೆ ವಾಪಸ್ಸು ಕರೆದುಕೊಳ್ಳುತ್ತೇನೆ ಎಂದೆ. ಜಾಗವಿಲ್ಲ ಎಂದ. ಒಂದು ಗೇಣು ನಾಲ್ಕು ಬೆರಳು ಜಾಗ ಎಂದೆ. ಪಟ್ಟಿಯಲ್ಲಿ ಈಗ ಅರ್ಧ ಬೆರಳೂ ಇಲ್ಲ ಎಂದ. ಹಾಗಾದರೆ ಅವಳ ಬದಲು ನನ್ನನ್ನು ಸಾಗಿಸು ಎಂದೆ.

ಅವನು ತಲೆಯಾಡಿಸಿದ. "ನಿಮ್ಮನ್ನು ಸಾಗಿಸೋಕಾಗಲ್ಲ. ಶಾಲೆ ಊರಿನ ಜೊತೆಗೇ ಬಂದದ್ದು, ಶಾಲೆ ಜೊತೆ ಮೇಷ್ಟ್ರು. ಜೊತೆಗೇ ಬಂದವರನ್ನು ಅಳೆಯೋ ಹಾಗೂ ಇಲ್ಲ, ಕಳಿಸೋ ಹಾಗೂ ಇಲ್ಲ. ಆ ಕಹಳೆ ಊದೋನನ್ನ ನೋಡಿ. ನಮ್ಮಜ್ಜನ ಕಾಲದಿಂದ ಅವನನ್ನ ಒಬ್ಬರೂ ಊದು ಅಂದಿಲ್ಲ. ಚೌಕದಲ್ಲೇ ಕಾಲು ಚಾಚ್ಕೊಂಡು ಕೂತಿದಾನೆ. ಏನು ಮಾಡೋಕಾಗುತ್ತೆ?"

ನಾನು ಎದ್ದೆ. ಹೊಸಿಲು ದಾಟುವಾಗ ಅವನು ಹಿಂದಿನಿಂದ, ಪಾಠ ಒಪ್ಪಿಸುವವನಂತೆ, ಮೆಲ್ಲಗೆ ಹೇಳಿದ. "ಊರಿನ ಜೊತೆಗೇ ಬಂದವರು ಯಾರು ಯಾರು ಅಂತ ಬರೆದಿರೋ ಪುಸ್ತಕ ಶಾಲೆ ಬೀರುವಿನಲ್ಲೇ ಇದೆಯಲ್ಲ ಮೇಷ್ಟ್ರೇ. ಕೀಲಿ ನಿಮ್ಮ ಹತ್ತಿರಾನೇ ಇರುತ್ತೆ."

ಶಾಲೆಗೆ ಹೋಗಿ ಬೀರು ತೆಗೆದೆ. ಪುಸ್ತಕದ ಮೊದಲ ಪುಟದಲ್ಲಿ ಏಳು ಸಾಲುಗಳಿದ್ದವು. ಗೋಪುರ ಕಾಯುವವನು. ಕಹಳೆ ಊದುವವನು. ಮೇಷ್ಟ್ರು. ನಾಲ್ಕನೆಯ ಸಾಲಿಗೂ ಐದನೆಯ ಸಾಲಿಗೂ ನಡುವೆ ಸ್ವಲ್ಪ ಹೆಚ್ಚು ಜಾಗ ಬಿಟ್ಟಿತ್ತು. ಯಾರು ಬಿಟ್ಟಿದ್ದರೋ. ಹಳೆಯ ಶಾಯಿಯ ಬಣ್ಣ ಬರುವವರೆಗೆ ಹೊಸ ಶಾಯಿಗೆ ನೀರು ಬೆರೆಸಿದೆ. ಹಳೆಯ ಕೈಬರಹವನ್ನು ಸ್ಲೇಟಿನ ಮೇಲೆ ಹನ್ನೊಂದು ಸಲ ತಿದ್ದಿದೆ. ಆಮೇಲೆ ಪುಸ್ತಕದಲ್ಲಿ ಬರೆದೆ: ಎಬ್ಬಿಸುವವಳು, ಸುಭದ್ರಾ.

ನಾನು ಇದ್ದದ್ದನ್ನು ಇದ್ದಂತೆ ಬರೆಯದೆ ಇದ್ದದ್ದು ಅದೇ ಮೊದಲು. ಶಾಯಿ ಆರುವವರೆಗೆ ಊದುತ್ತ ಕೂತೆ.

ಅಳತೆಗಾರ ಪುಟವನ್ನು ಬೆಳಕಿಗೆ ಹಿಡಿದು ನೋಡಿದ. ಬಹಳ ಹೊತ್ತು ನೋಡಿದ. "ಅಕ್ಷರ ಚೆನ್ನಾಗಿದೆ" ಎಂದ. ಒಂದು ಚೀಟಿ ಬರೆದ. ಎಬ್ಬಿಸುವವಳು ಊರಿನ ಜೊತೆಗೇ ಬಂದವಳು, ಅವಳನ್ನು ಸಾಗಿಸಿದ್ದು ತಪ್ಪು, ವಾಪಸ್ಸು ಬರಬಹುದು. ಅದಕ್ಕೆ ಗೋಪುರದ ಮುದ್ರೆ ಬೀಳಬೇಕು. ಗೋಪುರ ಕಾಯುವವನು ಮುದ್ರೆ ತೆಗೆಯುವುದು ತಿಂಗಳಿಗೊಂದು ಸಲ, ಅಮಾವಾಸ್ಯೆಯ ಸಂಜೆ.

"ಮಾರನೆ ಬೆಳಿಗ್ಗೆ ಹಲಗೆ ಎತ್ತೋಕೆ ಪರಊರಿನ ಆಳುಗಳು ಬರ್ತಾರೆ. ಅವರು ಯಾರಿಗೂ ಕಾಯಲ್ಲ. ಎಬ್ಬಿಸೋ ಹೊತ್ತಾಗದೆ ಅಮ್ಮಾವರು ಬರಲ್ಲ, ಹೊತ್ತಾದ ಕೂಡಲೇ, ಆಳುಗಳಿಗಿಂತ ಮೊದಲು ಕರೆದುಬಿಡಿ. ಅಮ್ಮಾವರು ಈ ಕಡೆ ಕಾಲಿಟ್ಟ ಕೂಡಲೇ ಚೀಟಿ ಕೈಗೆ ಕೊಟ್ಟುಬಿಡಿ. ಆಮೇಲೆ ಯಾರೂ ಕಳಿಸೋ ಹಾಗಿಲ್ಲ."

"ಬೇರೇನೂ ಇಲ್ಲವಲ್ಲ?"

"ಬೇರೇನೂ ಇಲ್ಲ. ದಿನಾ ಮಾಡೋದೇ ತಾನೇ ಮೇಷ್ಟ್ರೇ."

ಅಮಾವಾಸ್ಯೆಯ ಬೆಳಿಗ್ಗೆ ಅವಳು ನೂರ ತೊಂಬತ್ತಕ್ಕೆ ಬಂದಳು. ಚೀಟಿಯ ವಿಷಯ ಹೇಳಿದೆ. ಪುಸ್ತಕದಲ್ಲಿ ಬರೆದದ್ದನ್ನೂ ಹೇಳಿದೆ. ಅವಳು ಕದ ತಟ್ಟಲು ಎತ್ತಿದ ಕೈಯನ್ನು ಹಾಗೇ ಹಿಡಿದುಕೊಂಡು ನನ್ನ ಮುಖ ನೋಡಿದಳು.

"ನೀವು? ಸುಳ್ಳು ಬರೆದ್ರಾ?"

"ಬರೆದೆ."

"ನನ್ನ ಹೆಸರು ತಪ್ಪಿಲ್ಲದೆ ಬರೆದ್ರಿ ತಾನೇ?"

"ತಪ್ಪಿಲ್ಲದೆ ಬರೆದೆ."

ಅವಳು ಆ ಬೆಳಿಗ್ಗೆ ಎಲ್ಲ ಮನೆಗಳನ್ನೂ ತಾನೇ ಗುರುತು ಹಿಡಿದಳು. ಕೊನೆಯ ಕದ ತಟ್ಟುವ ಮೊದಲು ಕೇಳಿದಳು. "ನಾಳೆ ಕರೀತೀರಲ್ಲ?"

"ಕರೀತೀನಿ."

"ರವೆ ಇದೆಯಾ, ಮುಗಿಸಿದ್ರಾ?"

"ಇದೆ. ಉಪ್ಪಿಟ್ಟು ಮಾಡಿಲ್ಲ."

"ನಾಳೆ ಮಾಡ್ತೀನಿ" ಎಂದಳು. ಕೊನೆಯ ಕದ ತಟ್ಟಿದಳು. ಹೋದಳು.

ಸಂಜೆ ಮುದ್ರೆ ಬಿತ್ತು. ಚೀಟಿಯನ್ನು ಮೂರು ಸಲ ಓದಿದೆ. ಕಾಗುಣಿತ ಸರಿಯಿತ್ತು. ಮನೆ ಗುಡಿಸಿದೆ. ರವೆ ಡಬ್ಬವನ್ನು ಒಲೆಯ ಹತ್ತಿರ ಇಟ್ಟೆ. ಉಪ್ಪಿನ ಮರಿಗೆಯನ್ನು ಅದರ ಪಕ್ಕ ಇಟ್ಟೆ. ಎರಡು ಚೊಂಬು ನೀರು ಕುಡಿದೆ. ನೆಲದ ಮೇಲೆ, ಬೆನ್ನ ಕೆಳಗೆ ಸ್ಲೇಟು ಇಟ್ಟುಕೊಂಡು ಮಲಗಿದೆ. ಪ್ರತಿದಿನ ಮಾಡುತ್ತಿದ್ದದ್ದರಲ್ಲಿ ಒಂದನ್ನೂ ಬಿಡಲಿಲ್ಲ. ಚೀಟಿ ಜೇಬಿನಲ್ಲಿತ್ತು. ಅದರ ಮೇಲೆ ಕೈಯಿಟ್ಟುಕೊಂಡೆ. ಐದು ತಿಂಗಳಲ್ಲಿ ಮೊದಲ ಸಲ ನನಗೆ ಯಾವ ಯೋಚನೆಯೂ ಇರಲಿಲ್ಲ.

ಆ ಐದು ತಿಂಗಳು ನನ್ನನ್ನು ಎಬ್ಬಿಸಿದ್ದು ನೀರಲ್ಲ, ಸ್ಲೇಟಲ್ಲ, ಹೆದರಿಕೆ ಎಂದು ನನಗೆ ಗೊತ್ತಾದದ್ದು ಬಿಸಿಲು ಮುಖದ ಮೇಲೆ ಬಿದ್ದಾಗ.

ಚೌಕಕ್ಕೆ ಓಡಿದೆ. ಊರಿಗೆ ಊರೇ ಮಲಗಿತ್ತು. ಗೋಡೆಯ ಮೇಲೆ ಬಾಗಿಲು ಮತ್ತು ಕೈ ಇದ್ದ ಬಿಲ್ಲೆ ಬೂದಿಯ ಬಣ್ಣಕ್ಕೆ ತಿರುಗಿತ್ತು. ಚಿತ್ರ ಹಾಗೆಯೇ ಇತ್ತು. ತೂಗುವವನ ತಕ್ಕಡಿಯೂ ಬೂದಿಯ ಬಣ್ಣಕ್ಕೆ ತಿರುಗಿತ್ತು. ಮೂಲೆಯಲ್ಲಿ ಬಿಳಿ ಚುಕ್ಕೆಯಿದ್ದ ಎಲ್ಲ ಬಿಲ್ಲೆಗಳೂ ಹಾಗೇ. ಬೆರಳಿಟ್ಟೆ. ಹೆಸರು ಹಿಡಿದು ಕರೆದೆ. ಈಗ ನಾಲಿಗೆಗೆ ದಾರಿ ಗೊತ್ತಿತ್ತು. ಇನ್ನೂರರವರೆಗೆ ಎಣಿಸಿದೆ. ಮತ್ತೆ ಕರೆದು ಐನೂರರವರೆಗೆ ಎಣಿಸಿದೆ. ಆಮೇಲೆ ಹೊಳೆಗೆ ಹೋದೆ. ದಡದ ಕೆಸರಿನಲ್ಲಿ ಹಲಗೆಗಳನ್ನು ಎತ್ತಿದ ಎಂಟು ಗುರುತುಗಳಿದ್ದವು. ನಡುವೆ ನೀರಿತ್ತು.

ಬಿಸಿಲು ಕಾದ ಮೇಲೆ ಊರಿನವರು ತಮ್ಮಷ್ಟಕ್ಕೆ ತಾವೇ ಎದ್ದರು. ಮೂಲೆಮನೆಯ ಅಜ್ಜಿ ಕದ ತೆರೆದು ಹೊಸಿಲ ಮೇಲೆ ನಿಂತು ಬೀದಿಯ ಎರಡೂ ಕಡೆ ನೋಡಿದಳು.

"ಎಲ್ಲಿ ಮೇಷ್ಟ್ರೇ ಅವಳು? ಇವತ್ತು ಬೈಸ್ಕೊಳ್ಳೋಕೆ ಬರಲಿಲ್ಲ."

ಅಜ್ಜಿ ಸ್ವಲ್ಪ ಹೊತ್ತು ಕಾದು ಒಳಗೆ ಹೋದಳು.

ಮಧ್ಯಾಹ್ನದ ಹೊತ್ತಿಗೆ ಹೊಸ ನಡುಗಡ್ಡೆ ಬಂತು. ಕಪ್ಪಗೆ, ಚಪ್ಪಟೆಯಾಗಿ, ಒಂದು ಮೂಲೆ ಕತ್ತರಿಸಿದಂತೆ, ಅದೇ ಆಕಾರ. ಅದರ ಮೇಲೆ ಯಾರೂ ಇರಲಿಲ್ಲ.

ಊರು ತಡವಾಗಿ ಏಳುವುದನ್ನು ರೂಢಿ ಮಾಡಿಕೊಂಡಿತು. ಇದೇ ಹಿತವೆಂದು ಕೆಲವರು ಹೇಳಿದರು. ಶಾಲೆಯ ಮೊದಲ ಗಂಟೆಯನ್ನು ನಾನು ಹಿಂದೆ ಮೂರನೆಯ ಗಂಟೆ ಬಾರಿಸುತ್ತಿದ್ದ ಹೊತ್ತಿಗೆ ಬಾರಿಸತೊಡಗಿದೆ. ದಶಮಾಂಶ ಮುಗಿದು ಶೇಕಡಾ ಲೆಕ್ಕ ಬಂತು. ನನಗೆ ಮಾತ್ರ ಕತ್ತಲಿರುವಾಗಲೇ ಎಚ್ಚರವಾಗುತ್ತದೆ. ನೀರು ಬೇಕಿಲ್ಲ, ಸ್ಲೇಟು ಬೇಕಿಲ್ಲ. ಎದ್ದು ಚೌಕಕ್ಕೆ ಹೋಗುತ್ತೇನೆ. ನಡಿಗೆ ಎಣಿಸುವವನು ಒಂದೊಂದು ದಿನ ಹಿಂದೆಯೇ ಬರುತ್ತಾನೆ. ಒಳ್ಳೆಯವನು. ಮೊದಮೊದಲು ಎಷ್ಟು ಹೆಜ್ಜೆಯೆಂದು ಹೇಳುತ್ತಿದ್ದ, ಈಗ ಹೇಳುವುದಿಲ್ಲ.

ಮುಂದಿನ ವರ್ಷ ಅದೇ ತಿಂಗಳಲ್ಲಿ ಗೋಪುರ ಮತ್ತೆ ಕೆಂಪಾಯಿತು. ಊರಬಾಗಿಲಲ್ಲಿ ಮೂವರು ಹೊಸಬರು ಗಂಟು ಹಿಡಿದು ನಿಂತಿದ್ದರು. ಅಳತೆಗಾರ ಬಂದ. ಗೋಡೆಯ ಉದ್ದಕ್ಕೂ ಒಂದೊಂದೇ ಬಿಲ್ಲೆಯ ಮೇಲೆ ಬೆರಳೆಳೆದು, ಬೆರಳನ್ನು ನೋಡಿ, ಪುಸ್ತಕದಲ್ಲಿ ಬರೆಯುತ್ತ ಬಂದ. ಬೂದಿಯ ಬಣ್ಣದ ಬಿಲ್ಲೆಗಳನ್ನು ಲೆಕ್ಕಕ್ಕೆ ಹಿಡಿಯಬೇಕಾಗಿರಲಿಲ್ಲ. ಆದರೂ ಬಾಗಿಲು ಮತ್ತು ಕೈ ಇದ್ದ ಬಿಲ್ಲೆಯ ಮುಂದೆ ಅವನು ನಿಂತ. ನನ್ನ ಕಡೆ ತಿರುಗಲಿಲ್ಲ. ಬೆರಳೆಳೆದು ನೋಡಿಕೊಂಡ.

ಬೆರಳಿಗೆ ಧೂಳು ಹತ್ತಿರಲಿಲ್ಲ.